ಹೆಜ್ಜೆಯ ಸದ್ದು ಕೇಳಿ: ಮಂಡಿ ನೋವು ಇರುವವರಿಗೆ ನಡಿಗೆಯ ಪಾಠ

ಅಮ್ಮ ಕೋಣೆಯಿಂದ ಹೊರಗೆ ಬರುವುದು ನಮಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಬಲಗಾಲು ಸದ್ದಿಲ್ಲದೆ ಬೀಳುತ್ತಿತ್ತು. ಎಡಗಾಲು ಧಪ್ ಅನ್ನುತ್ತಿತ್ತು. ನೋವು ಇದ್ದದ್ದು ಬಲ ಮಂಡಿಯಲ್ಲಿ. ಅದರ ಮೇಲೆ ಭಾರ ಬಿಡಲು ಹೆದರಿ, ಅವಸರದಲ್ಲಿ ಎಡಗಾಲಿನ ಮೇಲೆ ಬಿದ್ದುಬಿಡುತ್ತಿದ್ದರು. ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಎಡ ಮಂಡಿಯೂ ನೋಯತೊಡಗಿತು.

"ವಾಕಿಂಗ್ ನಿಲ್ಲಿಸಿಬಿಡಿ" ಅಂತ ಹೇಳಿದವರೇ ಜಾಸ್ತಿ. ಅಮ್ಮ ನಿಲ್ಲಿಸಿಯೂ ಬಿಟ್ಟರು. ಆರು ತಿಂಗಳಲ್ಲಿ ತೂಕ ಏರಿತು, ತೊಡೆ ಸೊರಗಿತು. ನೋವು ಮಾತ್ರ ಇದ್ದಷ್ಟೇ ಇತ್ತು. ಕೊನೆಗೆ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆವು. ಅವರು ಮಂಡಿ ಮುಟ್ಟಿ ನೋಡುವ ಮೊದಲೇ, "ಅಮ್ಮಾ, ಆ ಬಾಗಿಲ ತನಕ ನಡೆದುಕೊಂಡು ಹೋಗಿ ಬನ್ನಿ" ಅಂದರು. ಅಮ್ಮ ಹೋಗಿ ಬಂದರು. "ಎಷ್ಟು ದೂರ ನಡೀತೀರಿ ಅನ್ನೋದು ಆಮೇಲೆ ನೋಡೋಣ. ಮೊದಲು ಒಂದೊಂದು ಹೆಜ್ಜೆ ಹೇಗೆ ಬೀಳುತ್ತೆ ಅದನ್ನ ಸರಿ ಮಾಡೋಣ" ಅಂದರು.

ಆ ಮಾತು ನನಗೆ ಅಂಟಿಕೊಂಡಿತು. ಅಂದಿನಿಂದ ಅಮ್ಮನ ಜೊತೆ ನಾನೂ ನಡಿಗೆ ಕಲಿತೆ. ಕಲಿತದ್ದನ್ನು ಯಾರಾದರೂ ಮನೆಯಲ್ಲಿ ಮಾಡಿ ನೋಡಬಹುದಾದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ವಾರಕ್ಕೆ ಒಂದು ವಿಷಯ ಸಾಕು.

ಮೊದಲು ಇದನ್ನು ನೋಡಿಕೊಳ್ಳಿ

ಮಂಡಿ ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡಿದೆಯಾ? ಜೊತೆಗೆ ಜ್ವರ ಇದೆಯಾ? ಬಿದ್ದ ಮೇಲೆ ಕಾಲಿನ ಮೇಲೆ ಭಾರ ಬಿಡಲು ಆಗುತ್ತಿಲ್ಲವಾ? ಮಂಡಿ ಮಡಿಸಿದ್ದು ಮಡಿಸಿದ ಹಾಗೇ ಸಿಕ್ಕಿಹಾಕಿಕೊಳ್ಳುತ್ತದಾ? ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದೆಯಾ? ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತಿದೆಯಾ? ಇವುಗಳಲ್ಲಿ ಒಂದು ಇದ್ದರೂ ಮೊದಲು ಡಾಕ್ಟರ್ ಹತ್ತಿರ ಹೋಗಿ. ಸೊಂಟ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು. ಈ ಲೇಖನ ದಿನನಿತ್ಯದ ಸವೆತದ ನೋವು, ಬಿಗಿತ ಇರುವವರಿಗೆ.

ನಿಮ್ಮ ನಡಿಗೆಯನ್ನು ನೀವೇ ನೋಡಿ

ನಾವು ಹೇಗೆ ನಡೆಯುತ್ತೇವೆ ಅಂತ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಮನೆಯವರ ಕೈಗೆ ಮೊಬೈಲ್ ಕೊಟ್ಟು ಮೂರು ವಿಡಿಯೋ ತೆಗೆಸಿ. ಮುಂದಿನಿಂದ ಒಂದು, ಹಿಂದಿನಿಂದ ಒಂದು, ಪಕ್ಕದಿಂದ ಒಂದು. ಪ್ರತಿ ಸಲ ಹತ್ತು ಹದಿನೈದು ಹೆಜ್ಜೆ ಸಾಕು. ಪ್ಯಾಂಟೋ ಸೀರೆಯೋ ಸ್ವಲ್ಪ ಮೇಲೆತ್ತಿ ಕಟ್ಟಿದರೆ ಪಾದ ಕಾಣುತ್ತದೆ. ಕ್ಯಾಮೆರಾ ಇದೆ ಅಂತ ನೆಟ್ಟಗೆ ನಡೆಯಲು ಹೋಗಬೇಡಿ. ಎರಡು ಮೂರು ಸಲ ಓಡಾಡಿ, ಮರೆತ ಮೇಲೆ ತೆಗೆಯಲಿ.

ಪಕ್ಕದ ವಿಡಿಯೋದಲ್ಲಿ ಪಾದ ನೆಲ ಮುಟ್ಟುವ ಕ್ಷಣ ನಿಲ್ಲಿಸಿ ನೋಡಿ. ಹಿಮ್ಮಡಿ ನಿಮ್ಮ ದೇಹಕ್ಕಿಂತ ತುಂಬಾ ಮುಂದೆ ಬಿದ್ದಿದೆಯಾ? ಮಂಡಿ ಕೋಲಿನ ಹಾಗೆ ನೆಟ್ಟಗಿದೆಯಾ? ಮುಂದಿನಿಂದ ತೆಗೆದದ್ದರಲ್ಲಿ ತಲೆ ಪ್ರತಿ ಹೆಜ್ಜೆಗೂ ಒಂದು ಕಡೆಗೆ ವಾಲುತ್ತದಾ ನೋಡಿ. ಹಿಂದಿನಿಂದ ಸೊಂಟ ನೋಡಿ. ಒಂದು ಕಡೆ ಜಗ್ಗುತ್ತದಾ?

ಆಮೇಲೆ ಹಳೆಯ ಚಪ್ಪಲಿ ಜೋಡಿಯನ್ನು ತಲೆಕೆಳಗು ಮಾಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರುವುದು ಸಹಜ. ಆದರೆ ಎಡ ಬಲದ ಸವೆತದಲ್ಲಿ ತುಂಬಾ ವ್ಯತ್ಯಾಸ ಇದ್ದರೆ, ನೀವು ಎರಡು ಕಾಲನ್ನು ಎರಡು ರೀತಿ ಇಡುತ್ತಿದ್ದೀರಿ. ಅಮ್ಮನ ಎಡ ಚಪ್ಪಲಿ ಹಿಂದೆ ಕರಗಿಹೋಗಿತ್ತು. ಬಲದ್ದು ಹೊಸದರ ಹಾಗೆ ಇತ್ತು.

ಕೊನೆಗೆ ಸದ್ದು. ಮನೆಯೊಳಗೆ, ಫ್ಯಾನ್ ಟೀವಿ ಆರಿಸಿ, ಬರಿಗಾಲಲ್ಲಿ ನಡೆಯಿರಿ. ಕೇಳಿಸಿಕೊಳ್ಳಿ. ಎರಡೂ ಕಾಲಿನ ಸದ್ದು ಒಂದೇ ರೀತಿ ಇದೆಯಾ? ಎರಡು ಹೆಜ್ಜೆಗಳ ನಡುವಿನ ಸಮಯ ಒಂದೇ ಇದೆಯಾ? ಕನ್ನಡಿ, ವಿಡಿಯೋ ಏನೂ ಇಲ್ಲದಾಗಲೂ ಈ ಕಿವಿ ನಿಮ್ಮ ಜೊತೆ ಇರುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದೇ ಮುಖ್ಯ.

ನಿಲ್ಲುವುದು

ನಡಿಗೆ ಶುರುವಾಗುವುದು ನಿಂತಲ್ಲಿಂದ. ಹಳ್ಳಿಗಳಲ್ಲಿ ತಲೆ ಮೇಲೆ ಸಿಂಬಿ ಇಟ್ಟು ತುಂಬಿದ ಕೊಡ ಹೊತ್ತು ಬರುವವರನ್ನು ನೀವು ನೋಡಿರಬಹುದು. ನೋಟ ಮುಂದಕ್ಕೆ, ಕತ್ತು ನೀಳ, ಭುಜ ಕೆಳಗೆ, ಹೆಜ್ಜೆ ಚಿಕ್ಕದು. ನೀರು ತುಳುಕುವುದಿಲ್ಲ. ಭಾರ ಹೊತ್ತು ಕಷ್ಟಪಡುವುದನ್ನು ನಾನು ಹೊಗಳುತ್ತಿಲ್ಲ, ಆ ದೇಹದ ಜೋಡಣೆ ಮಾತ್ರ ನೋಡಿ.

ಮಾಡುವುದು ಹೀಗೆ. ಪಾದಗಳ ನಡುವೆ ಒಂದು ಗೇಣು ಜಾಗ ಬಿಟ್ಟು ನಿಲ್ಲಿ. ಭಾರ ಹಿಮ್ಮಡಿ ಮತ್ತು ಬೆರಳ ಬುಡ ಎರಡಕ್ಕೂ ಸಮನಾಗಿ ಬರಲಿ. ಮಂಡಿಯನ್ನು ಹಿಂದಕ್ಕೆ ಒತ್ತಿ ಬಿಗಿಯಬೇಡಿ, ಕೂದಲೆಳೆಯಷ್ಟು ಸಡಿಲ ಇರಲಿ. ನೆತ್ತಿಯ ಕೂದಲು ಹಿಡಿದು ಯಾರೋ ಮೆಲ್ಲಗೆ ಮೇಲಕ್ಕೆ ಎತ್ತುತ್ತಿದ್ದಾರೆ ಅಂದುಕೊಳ್ಳಿ. ಗಲ್ಲ ಮೇಲೆ ಎತ್ತಬೇಡಿ. ಭುಜವನ್ನು ಒಮ್ಮೆ ಕಿವಿ ಕಡೆಗೆ ಎತ್ತಿ, ಹಿಂದಕ್ಕೆ ತಿರುಗಿಸಿ, ಸುಮ್ನೆ ಕೆಳಗೆ ಬಿಟ್ಟುಬಿಡಿ. ಎದೆ ಉಬ್ಬಿಸಿ ಸಿಪಾಯಿ ಥರ ನಿಲ್ಲುವುದು ಬೇಡ. ಹಾಗೆ ನಿಂತರೆ ಸೊಂಟ ಒಳಗೆ ಬಾಗುತ್ತದೆ, ಬೆನ್ನಿನ ಕೆಳಭಾಗ ನೋಯುತ್ತದೆ.

ತಲೆ ಸುಮಾರು ಐದು ಕೆಜಿ ತೂಗುತ್ತದೆ. ಅದು ಮುಂದಕ್ಕೆ ಜೋತುಬಿದ್ದರೆ ಬೆನ್ನು ಗೂನಾಗುತ್ತದೆ. ಬೆನ್ನು ಗೂನಾದರೆ ಬೀಳದಂತೆ ನಿಲ್ಲಲು ಮಂಡಿ ಬಾಗುತ್ತದೆ. ಬಾಗಿದ ಮಂಡಿಯಲ್ಲೇ ಇಡೀ ದಾರಿ ನಡೆದರೆ ತೊಡೆಯ ಮುಂಭಾಗ ಬೇಗ ಸೋಲುತ್ತದೆ, ಮಂಡಿ ಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತದೆ. ಕತ್ತಿನ ತಪ್ಪಿಗೆ ಮಂಡಿ ಬೆಲೆ ಕೊಡುವುದು ಹೀಗೆ. ನಡೆಯುವಾಗ ನೋಟ ಹತ್ತು ಹದಿನೈದು ಅಡಿ ಮುಂದೆ ಇರಲಿ. ನಮ್ಮ ಫುಟ್‌ಪಾತ್‌ಗಳಲ್ಲಿ ಕೆಳಗೆ ನೋಡದೆ ಆಗುವುದಿಲ್ಲ ಅನ್ನುವುದು ನಿಜ. ಆಗ ಕಣ್ಣು ಇಳಿಸಿ, ಕತ್ತು ಇಳಿಸಬೇಡಿ.

ದಾಪುಗಾಲು ಬಿಡಿ

ಒಂದೇ ಒಂದು ಬದಲಾವಣೆ ಮಾಡಲು ಮನಸ್ಸಿದ್ದರೆ ಇದನ್ನು ಮಾಡಿ. ಹೆಜ್ಜೆ ಚಿಕ್ಕದು ಮಾಡಿ.

ಬೇಗ ನಡೆಯಬೇಕು ಅಂದಾಗ ನಾವೆಲ್ಲ ಕಾಲನ್ನು ಮುಂದೆ ಮುಂದೆ ಚಾಚುತ್ತೇವೆ. ದೇಹ ಇನ್ನೂ ಹಿಂದಿರುವಾಗಲೇ ಹಿಮ್ಮಡಿ ದೂರ ಹೋಗಿ ನೆಲಕ್ಕೆ ಗುದ್ದುತ್ತದೆ. ಅದು ಬ್ರೇಕ್ ಹಾಕಿದ ಹಾಗೆ. ಮುಂದಕ್ಕೆ ಹೋಗುತ್ತಿದ್ದ ದೇಹವನ್ನು ಒಂದು ಕ್ಷಣ ತಡೆದು, ಆಮೇಲೆ ಮತ್ತೆ ಎಳೆದುಕೊಂಡು ಹೋಗಬೇಕು. ಆ ಏಟು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರುತ್ತದೆ.

ಸಮ ನೆಲದಲ್ಲಿ ಸಾಮಾನ್ಯವಾಗಿ ನಡೆಯುವಾಗಲೇ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. 60 ಕೆಜಿ ತೂಕದವರಿಗೆ ಅದು ಸುಮಾರು 150 ಕೆಜಿ. ಒಂದು ಕಿಲೋಮೀಟರಿಗೆ ಹೆಚ್ಚು ಕಡಿಮೆ 1,500 ಹೆಜ್ಜೆ ಅಂದುಕೊಂಡರೆ, ಒಂದೊಂದು ಮಂಡಿಗೂ 750 ಸಲ ಈ ಭಾರ. ಒಂದು ಹೆಜ್ಜೆಯಲ್ಲಿ ಸ್ವಲ್ಪವೇ ಉಳಿಸಿದರೂ ಎಷ್ಟಾಗುತ್ತದೆ ನೋಡಿ.

ಈಗ ಅಳತೆ. ನೀವು ಯಾವಾಗಲೂ ನಡೆಯುವ ವೇಗದಲ್ಲೇ ನಡೆಯುತ್ತಾ ಅರ್ಧ ನಿಮಿಷದಲ್ಲಿ ಎಷ್ಟು ಹೆಜ್ಜೆ ಬೀಳುತ್ತದೆ ಎಣಿಸಿ. 48 ಬಂತು ಅಂದುಕೊಳ್ಳಿ. ಮುಂದಿನ ಸಲ ಅದೇ ವೇಗದಲ್ಲಿ, ಅದೇ ಅರ್ಧ ನಿಮಿಷಕ್ಕೆ 51 ಹಾಕಿ. ವೇಗ ಹೆಚ್ಚಿಸಬಾರದು. ಹೆಜ್ಜೆ ಹೆಚ್ಚಾಗಿ ದೂರ ಅಷ್ಟೇ ಇದ್ದರೆ ಪ್ರತಿ ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ. ನೂರಕ್ಕೆ ಐದರಿಂದ ಹತ್ತು ಹೆಜ್ಜೆ ಹೆಚ್ಚಾದರೆ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ತಕಪಕ ಕುಣಿದ ಹಾಗಾಗುತ್ತದೆ, ಉಸಿರೂ ಕಟ್ಟುತ್ತದೆ.

ಎಣಿಸಲು ಬೇಸರವಾದರೆ ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್, ಅಂದರೆ ಟಿಕ್ ಟಿಕ್ ಅಂತ ಸಮನಾಗಿ ತಾಳ ಹಾಕುವ ಆ್ಯಪ್ ಹಾಕಿಕೊಳ್ಳಬಹುದು. ಅಮ್ಮ ಅದನ್ನು ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ಎಂಟು ಎಣಿಕೆಯ ಆದಿತಾಳ ಮನಸ್ಸಿನಲ್ಲೇ ಹಾಕಿಕೊಂಡು, ಒಂದು ಎಣಿಕೆಗೆ ಒಂದು ಹೆಜ್ಜೆ ಇಡುತ್ತಾ ನಡೆದರು. ಮೂರನೇ ದಿನಕ್ಕೆ ಎರಡೂ ಕಾಲಿನ ನಡುವಿನ ಸಮಯ ಸಮವಾಯಿತು. ತಾಳ ತಪ್ಪಿದರೆ ಅವರಿಗೇ ಗೊತ್ತಾಗುತ್ತಿತ್ತು.

ಹೆಜ್ಜೆ ಜಾಸ್ತಿ ಆದರೆ ಸವೆತವೂ ಜಾಸ್ತಿ ಅಲ್ವಾ ಅಂತ ನಾನು ಕೇಳಿದ್ದೆ. ಕೀಲು ಸೈಕಲ್ ಬೇರಿಂಗ್ ಅಲ್ಲ ಅಂದರು ಫಿಸಿಯೋಥೆರಪಿಸ್ಟ್. ಮೂಳೆ ತುದಿಯ ಮೆತ್ತನೆಯ ಹೊದಿಕೆಗೆ ರಕ್ತನಾಳ ಇಲ್ಲ. ಅದು ಒತ್ತಿ ಬಿಟ್ಟಾಗ, ಸ್ಪಂಜಿನ ಹಾಗೆ, ಸುತ್ತಲಿನ ದ್ರವದಿಂದಲೇ ಪೋಷಣೆ ಪಡೆಯುತ್ತದೆ. ಹಗುರವಾದ ಒತ್ತಡ ಅದಕ್ಕೆ ಬೇಕು. ನೋಯುವ ಕೀಲಿಗೆ ತಡೆಯಲಾಗದೆ ಹೋಗುವುದು ದೊಡ್ಡ ಏಟು.

ಪಾದ ಉರುಳಲಿ

ಹೆಜ್ಜೆ ಗಿಡ್ಡವಾದ ಮೇಲೆ ಪಾದದ ಕಡೆ ಗಮನ ಕೊಡಿ. ಹಿಮ್ಮಡಿ ಮೆಲ್ಲಗೆ ಮುಟ್ಟಲಿ. ಮಂಡಿ ಆಗ ತುಸು ಬಾಗಿರಲಿ. ಭಾರ ಅಂಗಾಲಿನ ಹೊರ ಅಂಚಿನಿಂದ ಹರಿದು ಬೆರಳ ಬುಡಕ್ಕೆ ಬಂದು, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳಲಿ. ಚಪಾತಿ ಲಟ್ಟಣಿಗೆ ಹೇಗೆ ಉರುಳುತ್ತದೋ ಹಾಗೆ.

ಕಾಲು ನೋಯುವವರು ಹೆಚ್ಚಾಗಿ ಈ ಕೊನೆಯ ತಳ್ಳುವಿಕೆಯನ್ನು ಬಿಟ್ಟುಬಿಡುತ್ತಾರೆ. ಪಾದವನ್ನು ಹಲಗೆಯ ಹಾಗೆ ಎತ್ತಿ ಇಡುತ್ತಾರೆ. ಆಗ ಮೀನಖಂಡ ಮಾಡಬೇಕಾದ ಕೆಲಸ ಸೊಂಟದ ಮುಂಭಾಗಕ್ಕೂ ತೊಡೆಗೂ ಬೀಳುತ್ತದೆ. ಅಡುಗೆಮನೆ ಕಟ್ಟೆ ಹಿಡಿದು ನಿಂತು, ಒಂದು ಹೆಜ್ಜೆ ಮುಂದಿಟ್ಟು, ಹಿಂದಿನ ಕಾಲಿನ ಹಿಮ್ಮಡಿ ಎತ್ತಿ ಹೆಬ್ಬೆರಳಿನಿಂದ ನೆಲ ತಳ್ಳುವುದನ್ನು ನಿಧಾನವಾಗಿ ಹತ್ತು ಸಲ ಮಾಡಿ. ಕಾಲು ಬದಲಿಸಿ. ಹಾಲು ಕಾಯುವಷ್ಟು ಹೊತ್ತು ಸಾಕು.

ಮೊದಲ ದಿನಗಳಲ್ಲಿ ಮೀನಖಂಡ ಸ್ವಲ್ಪ ನೋಯಬಹುದು. ಅದು ಮಲಗಿದ್ದ ಸ್ನಾಯು ಎದ್ದ ನೋವು. ಎರಡು ಮೂರು ದಿನಕ್ಕೆ ಹೋಗುತ್ತದೆ.

ಮಂಡಿ ಚಿಪ್ಪು ಎತ್ತ ನೋಡುತ್ತಿದೆ?

ಮುಂದಿನಿಂದ ತೆಗೆದ ವಿಡಿಯೋ ಮತ್ತೆ ನೋಡಿ. ಭಾರ ಬಿದ್ದಾಗ ಮಂಡಿ ಚಿಪ್ಪು ಪಾದದ ಎರಡನೇ ಬೆರಳಿನ ಕಡೆ ನೋಡುತ್ತಿದ್ದರೆ ಸರಿ. ಎರಡೂ ಚಿಪ್ಪು ಒಂದನ್ನೊಂದು ನೋಡುವ ಹಾಗೆ ಒಳಗೆ ತಿರುಗುತ್ತಿದ್ದರೆ, ತೊಂದರೆ ಹೆಚ್ಚಾಗಿ ಸೊಂಟದ ಪಕ್ಕದ ಸ್ನಾಯುಗಳಲ್ಲಿ ಇರುತ್ತದೆ. ನಾವು ಒಂದು ಕಾಲಿನ ಮೇಲೆ ನಿಂತಾಗ ಸೊಂಟ ಇನ್ನೊಂದು ಕಡೆ ಜಗ್ಗದಂತೆ ಹಿಡಿಯುವುದು ಅವೇ. ಇಡೀ ದಿನ ಕುರ್ಚಿಯಲ್ಲಿ ಕೂತವರಿಗೆ ಅವು ಸೋತಿರುತ್ತವೆ. ಕಸರತ್ತು ಮುಂದೆ ಹೇಳುತ್ತೇನೆ. ನಡೆಯುವಾಗ ಮಾಡಬೇಕಾದದ್ದು ಒಂದೇ. ಹಗ್ಗದ ಮೇಲೆ ನಡೆದ ಹಾಗೆ ಪಾದಗಳನ್ನು ಒಂದೇ ಗೆರೆಯಲ್ಲಿ ಇಡಬೇಡಿ. ಎರಡು ಪಾದಗಳ ನಡುವೆ ನಾಲ್ಕು ಬೆರಳು ಜಾಗ ಇರಲಿ.

ಪಾದದ ಕೋನದ ಬಗ್ಗೆ ಒಂದು ಮಾತು. 2025ರಲ್ಲಿ ಲ್ಯಾನ್ಸೆಟ್ ರೂಮಟಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 68 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ ಬಂತು. ಮಂಡಿಯ ಒಳಬದಿ ಸವೆದವರಿಗೆ ಪಾದವನ್ನು 5 ಅಥವಾ 10 ಡಿಗ್ರಿ ಒಳಗೋ ಹೊರಗೋ ತಿರುಗಿಸಿ ನಡೆಯುವುದನ್ನು ಕಲಿಸಿದ್ದರು. ನೋವು ಕಡಿಮೆಯಾಯಿತು. ಇದನ್ನು ಓದಿದ ಕೂಡಲೇ ಪಾದ ತಿರುಗಿಸಿ ನಡೆಯಲು ಹೊರಡಬೇಡಿ. ಯಾರಿಗೆ ಯಾವ ಕಡೆ, ಎಷ್ಟು ಅಂತ ಅವರು ಲ್ಯಾಬಿನಲ್ಲಿ ಒಬ್ಬೊಬ್ಬರ ನಡಿಗೆ ಅಳೆದು ತೀರ್ಮಾನಿಸಿದ್ದರು. ಒಬ್ಬರಿಗೆ ಒಳ್ಳೆಯದಾದ ಕೋನ ಇನ್ನೊಬ್ಬರ ಮಂಡಿಗೆ ಭಾರ ಹೆಚ್ಚಿಸಬಹುದು. ಸಾಮಾನ್ಯವಾಗಿ ಪಾದ ತುಸು ಹೊರಗೆ ತಿರುಗಿರುತ್ತದೆ. ಅದನ್ನು ಹಾಗೇ ಬಿಡಿ.

ಕೈಯಲ್ಲಿ ಏನಿದೆ?

ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ ಬರಬೇಕು. ಇದು ದೇಹದ ತಿರುಚನ್ನು ಸರಿದೂಗಿಸುತ್ತದೆ. ಕೈಕಟ್ಟಿ, ಜೇಬಿನಲ್ಲಿ ಕೈ ಹಾಕಿ, ಬೆನ್ನ ಹಿಂದೆ ಕೈ ಹಿಡಿದು ನಡೆದರೆ ಆ ಕೆಲಸವೆಲ್ಲ ಸೊಂಟಕ್ಕೆ ಬೀಳುತ್ತದೆ. ಮೊಬೈಲ್ ನೋಡುತ್ತಾ ನಡೆಯುವುದಂತೂ ಬೇಡವೇ ಬೇಡ.

ತರಕಾರಿ ಚೀಲ ಇದ್ದರೆ ಎರಡಾಗಿ ಮಾಡಿ ಎರಡು ಕೈಯಲ್ಲಿ ಹಿಡಿಯಿರಿ. ಬೆನ್ನಿನ ಬ್ಯಾಗ್ ಇನ್ನೂ ಒಳ್ಳೆಯದು. ಒಂದೇ ಚೀಲ, ಸೊಂಟದ ಕೀಲಿನ ನೋವು ಇರುವವರು ಅಂದರೆ, ನೋಯುವ ಕಡೆಯ ಕೈಯಲ್ಲೇ ಹಿಡಿಯಿರಿ. ಇದು ಉಲ್ಟಾ ಅನ್ನಿಸುತ್ತದೆ. ಆದರೆ ಭಾರ ಇನ್ನೊಂದು ಕಡೆ ಇದ್ದರೆ ಅದನ್ನು ಸರಿದೂಗಿಸಲು ನೋಯುವ ಸೊಂಟದ ಸ್ನಾಯು ಇನ್ನೂ ಬಿಗಿಯಾಗಿ ಎಳೆಯಬೇಕು. ಆ ಎಳೆತವೇ ಕೀಲನ್ನು ಒತ್ತುವುದು.

ಮೆಟ್ಟಿಲು ಮತ್ತು ಇಳಿಜಾರು

ಹತ್ತುವಾಗ ಉಸಿರು ಕಟ್ಟುತ್ತದೆ, ಹಾಗಾಗಿ ಹತ್ತುವುದೇ ಕಷ್ಟದ ಕೆಲಸ ಅಂದುಕೊಳ್ಳುತ್ತೇವೆ. ಮಂಡಿಗೆ ಇಳಿಯುವುದೇ ಕಷ್ಟ. ಮೆಟ್ಟಿಲು ಇಳಿಯುವಾಗ ದೇಹದ ತೂಕದ ಸುಮಾರು ಮೂರೂವರೆ ಪಟ್ಟು ಒತ್ತಡ ಮಂಡಿ ಮೇಲೆ ಬೀಳುತ್ತದೆ. ಬೀಳುತ್ತಿರುವ ದೇಹವನ್ನು ತೊಡೆಯ ಮುಂಭಾಗ ಪ್ರತಿ ಮೆಟ್ಟಿಲಲ್ಲೂ ಹಿಡಿದು ನಿಲ್ಲಿಸಬೇಕು.

ನೋವು ಜೋರಿದ್ದಾಗ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡಿ. ಹತ್ತುವಾಗ ಒಳ್ಳೆಯ ಕಾಲು ಮೊದಲು ಮೇಲೆ. ಇಳಿಯುವಾಗ ನೋಯುವ ಕಾಲು ಮೊದಲು ಕೆಳಗೆ. ಎರಡರಲ್ಲೂ ದೇಹ ಎತ್ತುವ ಇಳಿಸುವ ಕೆಲಸ ಒಳ್ಳೆಯ ಕಾಲಿನದ್ದೇ ಆಗುತ್ತದೆ. ಕಟಕಟೆ ಹಿಡಿಯಲು ನಾಚಿಕೆ ಬೇಡ. ಸೀರೆ ಉಟ್ಟವರು ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯಲ್ಲಿ ಕಟಕಟೆ ಹಿಡಿಯಿರಿ. ಕೈಗೆ ಬೇರೆ ಸಾಮಾನು ಬೇಡ. ಪಾದ ಪೂರ್ತಿ ಮೆಟ್ಟಿಲ ಮೇಲೆ ಕೂರಲಿ, ಹಿಮ್ಮಡಿ ಹೊರಗೆ ಉಳಿಯದಿರಲಿ.

ನೋವು ಸಣ್ಣದಿದ್ದಾಗ ಹತ್ತುವ ರೀತಿ ಬೇರೆ. ಸೊಂಟದಿಂದ ತುಸು ಮುಂದೆ ಬಾಗಿ, ಮೇಲಿನ ಮೆಟ್ಟಿಲ ಮೇಲಿಟ್ಟ ಹಿಮ್ಮಡಿಯನ್ನು ಒತ್ತಿ ಏಳಿ. ಕುಂಡಿಯ ಸ್ನಾಯು ಬಿಗಿಯುವುದು ಗೊತ್ತಾಗಬೇಕು. ಕೆಳಗಿನ ಕಾಲಿನಿಂದ ಜಿಗಿಯಬೇಡಿ.

ಮೈಸೂರಿನಲ್ಲಿ ಆಷಾಢ ಶುಕ್ರವಾರ ಬಂದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರ ಸಾಲು. ಅದರಲ್ಲಿ ಮಂಡಿ ನೋವಿನವರೂ ಇರುತ್ತಾರೆ. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಡಾಕ್ಟರ್ ಒಪ್ಪಿ, ನೋವು ಹಿಡಿತದಲ್ಲಿದ್ದರೆ ನಿಧಾನವಾಗಿ ಹತ್ತಿ, ನಂದಿಯ ಹತ್ತಿರ ಚೆನ್ನಾಗಿ ಕೂತು ಸುಧಾರಿಸಿಕೊಳ್ಳಿ. ಇಳಿಯಲು ಮಾತ್ರ ಬಸ್ಸು ಹತ್ತಿಬಿಡಿ. ಹತ್ತಿದ ಪುಣ್ಯ ಕಡಿಮೆಯಾಗುವುದಿಲ್ಲ, ಮಂಡಿ ಉಳಿಯುತ್ತದೆ. ಮಲೆನಾಡಿನಲ್ಲಿ ಮನೆಯಿಂದ ತೋಟಕ್ಕೆ ಇಳಿಯಲೇಬೇಕಾದವರಿಗೆ ಬಸ್ಸಿಲ್ಲ. ಅವರು ಇಳಿಜಾರನ್ನು ನೇರ ಇಳಿಯದೆ ಹಾವಿನ ಹಾಗೆ ಅಡ್ಡ ಅಡ್ಡ ಇಳಿಯಲಿ. ಹೆಜ್ಜೆ ಅರ್ಧ ಮಾಡಲಿ. ದೇಹ ಹಿಂದಕ್ಕೆ ವಾಲದಿರಲಿ, ವಾಲಿದರೆ ಹಿಮ್ಮಡಿ ಜಾರುತ್ತದೆ.

ಕೋಲು

ಅಮ್ಮ ಕೋಲು ಹಿಡಿಯಲು ಒಪ್ಪಲು ನಾಲ್ಕು ತಿಂಗಳು ಬೇಕಾಯಿತು. "ಮುದುಕಿ ಅಂತಾರೆ" ಅನ್ನುವುದೊಂದೇ ಮಾತು. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಕೋಲು ಬಂದ ಮೇಲೆ ಮದುವೆಗಳಿಗೆ ಮತ್ತೆ ಹೋಗತೊಡಗಿದರು. ಕೋಲು ಹಿಡಿದವರನ್ನು ನೋಡಿ ಅಯ್ಯೋ ಅನ್ನುವ ಅಭ್ಯಾಸ ನಾವೆಲ್ಲ ಬಿಡಬೇಕು. ಕನ್ನಡಕಕ್ಕೆ ಯಾರೂ ಅಯ್ಯೋ ಅನ್ನುವುದಿಲ್ಲ ಅಲ್ವಾ?

ಕೋಲು ಹಿಡಿದವರಲ್ಲಿ ಅನೇಕರು ತಪ್ಪು ಕೈಯಲ್ಲಿ ಹಿಡಿದಿರುತ್ತಾರೆ. ನೋವು ಬಲ ಮಂಡಿಯಲ್ಲಿದ್ದರೆ ಕೋಲು ಎಡಗೈಯಲ್ಲಿ ಇರಬೇಕು. ಬಲಗಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಬೇಕು. ನಾವು ನಡೆಯುವಾಗ ಎಡಗೈ ಹೇಗೂ ಬಲಗಾಲಿನ ಜೊತೆಗೇ ಮುಂದೆ ಬರುತ್ತದೆ, ಅಲ್ಲಿ ಕೋಲು ಸೇರಿಸಿದರೆ ಲಯ ಕೆಡುವುದಿಲ್ಲ. ಬಲಗಾಲಿಗೆ ಭಾರ ಬೀಳುವ ಹೊತ್ತಿಗೆ ಒಂದಿಷ್ಟು ಪಾಲನ್ನು ಆ ಕೈ ಹೊರುತ್ತದೆ. ನೋಯುವ ಕಡೆಯೇ ಹಿಡಿದರೆ ದೇಹ ನೋವಿನ ಕಡೆಗೇ ವಾಲುತ್ತದೆ.

ಎತ್ತರ ಹೀಗೆ ಅಳೆಯಿರಿ. ದಿನಾ ಹಾಕುವ ಚಪ್ಪಲಿ ಹಾಕಿಕೊಂಡು, ಕೈ ಸುಮ್ನೆ ಇಳಿಬಿಟ್ಟು ನಿಲ್ಲಿ. ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಕೋಲಿನ ಹಿಡಿ ಅಲ್ಲಿರಬೇಕು. ಹಿಡಿದಾಗ ಮೊಣಕೈ ತುಸು ಬಾಗುತ್ತದೆ. ಎತ್ತರದ ಕೋಲು ಭುಜವನ್ನು ಮೇಲೆತ್ತುತ್ತದೆ, ಗಿಡ್ಡ ಕೋಲು ಬೆನ್ನನ್ನು ಬಗ್ಗಿಸುತ್ತದೆ. ತಾತನ ಕಾಲದ ಬೆತ್ತ ಚೆನ್ನಾಗಿದೆ ಅಂತ ಅದನ್ನೇ ಹಿಡಿಯಬೇಡಿ, ಅದು ತಾತನ ಅಳತೆಯದ್ದು. ಬುಡದ ರಬ್ಬರ್ ಸವೆದು ನುಣ್ಣಗಾದರೆ ಕೂಡಲೇ ಬದಲಿಸಿ. ಒದ್ದೆ ಗ್ರಾನೈಟ್ ನೆಲದಲ್ಲಿ ಅದೊಂದು ಸಣ್ಣ ರಬ್ಬರ್ ಸೊಂಟ ಮುರಿಯದಂತೆ ಕಾಯುತ್ತದೆ.

ಚಪ್ಪಲಿ, ನೆಲ

ಹಿಮ್ಮಡಿ ಎತ್ತರದ ಚಪ್ಪಲಿ ಮಂಡಿಗೆ ಒಳ್ಳೆಯದಲ್ಲ. ವಾಕಿಂಗಿಗೆ ಹವಾಯಿ ಚಪ್ಪಲಿಯೂ ಬೇಡ, ಅದು ಜಾರದಂತೆ ಬೆರಳು ಮಡಚಿ ಹಿಡಿಯಬೇಕಾಗುತ್ತದೆ, ಪಾದ ಉರುಳುವುದಿಲ್ಲ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಲೇಸ್ ಕಟ್ಟುವ ಶೂ ಸಾಕು. ಬೆರಳ ಹತ್ತಿರ ಬಗ್ಗಬೇಕು, ನಡುವೆ ಬಗ್ಗಬಾರದು. ಸಂಜೆ ಹೊತ್ತು ಕೊಳ್ಳಿ, ಪಾದ ಆಗ ತುಸು ಊದಿರುತ್ತದೆ. ಬೆಲೆ ಮುಖ್ಯವಲ್ಲ.

ರಸ್ತೆಯ ಅಂಚು ಯಾವಾಗಲೂ ಚರಂಡಿ ಕಡೆಗೆ ಇಳಿಜಾರಾಗಿರುತ್ತದೆ. ದಿನಾ ಒಂದೇ ಬದಿಯಲ್ಲಿ, ಒಂದೇ ದಿಕ್ಕಿನಲ್ಲಿ ನಡೆದರೆ ಒಂದು ಕಾಲು ಸದಾ ಕೆಳಗೆ. ಹೋದ ಬದಿಯಲ್ಲೇ ವಾಪಸ್ ಬನ್ನಿ, ಆಗ ಎರಡು ಕಾಲಿಗೂ ಸಮವಾಗುತ್ತದೆ. ಪಾರ್ಕಿನ ಸುತ್ತು ದಾರಿಯಲ್ಲಿ ಒಂದು ದಿನ ಬಲಸುತ್ತು, ಒಂದು ದಿನ ಎಡಸುತ್ತು ಹಾಕಿ. ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯೋ ಲಾಲ್‌ಬಾಗಿನ ಮರಗಳ ಕೆಳಗಿನ ನೆಲವೋ ಸಿಕ್ಕರೆ ಕಾಂಕ್ರೀಟಿಗಿಂತ ಹಿತ.

ಮನೆಯಲ್ಲಿ ಮೂರು ಕಸರತ್ತು

ನಡಿಗೆಯ ರೀತಿ ಎಷ್ಟೇ ತಿದ್ದಿದರೂ ಹಿಡಿದುಕೊಳ್ಳುವ ಸ್ನಾಯು ಬೇಕು. ವಾರಕ್ಕೆ ಮೂರು ದಿನ ಇವನ್ನು ಮಾಡಿ.

ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ, ಸಾಧ್ಯವಾದರೆ ಕೈ ಊರದೆ, ಎದ್ದು ಕೂರುವುದು. ಕೂರುವಾಗ ಧೊಪ್ ಅಂತ ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. ಎಂಟರಿಂದ ಹತ್ತು ಸಲ. ನೋವಾದರೆ ಕುರ್ಚಿ ಮೇಲೆ ದಿಂಬು ಇಟ್ಟು ಎತ್ತರಿಸಿಕೊಳ್ಳಿ.

ಕಟ್ಟೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು, ಹತ್ತರಿಂದ ಹದಿನೈದು ಸಲ.

ಮೂರನೆಯದು ಸೊಂಟದ ಪಕ್ಕಕ್ಕೆ. ಕಟ್ಟೆ ಹಿಡಿದು ನೆಟ್ಟಗೆ ನಿಂತು ಒಂದು ಕಾಲನ್ನು ಪಕ್ಕಕ್ಕೆ ಒಂದಡಿ ಎತ್ತಿ, ಎರಡು ಎಣಿಸಿ ಇಳಿಸಿ. ದೇಹ ಆ ಕಡೆ ವಾಲಬಾರದು, ಬೆರಳು ಮುಂದಕ್ಕೆ ನೋಡಬೇಕು. ಎರಡೂ ಕಡೆ ಹತ್ತು ಸಲ. ನೆಲದ ಮೇಲಿರುವ ಕಾಲಿನ ಸೊಂಟವೂ ದುಡಿಯುತ್ತದೆ, ಅದಕ್ಕೇ ಇದು ನಡಿಗೆಗೆ ಅಷ್ಟು ಹತ್ತಿರದ ಕಸರತ್ತು.

ತೂಕದ ವಿಷಯ ಯಾರಿಗೂ ಹೇಳಲು ಇಷ್ಟವಿರುವುದಿಲ್ಲ. ಒಂದು ಲೆಕ್ಕ ಮಾತ್ರ ಕೊಡುತ್ತೇನೆ. ಮಂಡಿ ಸವೆತ ಇರುವವರಲ್ಲಿ ಒಂದು ಕೆಜಿ ತೂಕ ಇಳಿದರೆ, ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಹತ್ತು ಕೆಜಿ ಇಳಿಸಬೇಕು ಅಂತ ಹೆದರಿ ಕೂರಬೇಡಿ. ಎರಡು ಕೆಜಿಯೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು ನಡೆಯಬೇಕು?

10,000 ಹೆಜ್ಜೆ ಅನ್ನುವ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಅದು ಬಂದದ್ದು ಜಪಾನಿನಿಂದ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ, 1965ರಲ್ಲಿ, ಅಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಾಟಕ್ಕೆ ಬಂತು. ಅದರ ಹೆಸರೇ ಮಾನ್ಪೋಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರುಕಟ್ಟೆಗೆ ಬಂದ ಹೆಸರು ಅದು, ವೈದ್ಯರ ಚೀಟಿಯಲ್ಲಿ ಬರೆದದ್ದಲ್ಲ. ನೋಯುವ ಮಂಡಿ ಇಟ್ಟುಕೊಂಡು ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಸುತ್ತು ಹಾಕಿ ಆ ಸಂಖ್ಯೆ ಮುಟ್ಟಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ ಹೇಳುತ್ತದೆ. ಅದು ತಲುಪಬೇಕಾದ ಜಾಗ. ಶುರು ಹೀಗೆ ಮಾಡಿ. ಮೊದಲ ವಾರ ದಿನಕ್ಕೆ ಮೂರು ಸಲ, ಒಂದೊಂದು ಸಲ ಐದೇ ನಿಮಿಷ. ಆ ಐದು ನಿಮಿಷವೂ ಸದ್ದು ಕೇಳಿಸಿಕೊಂಡು, ಗಿಡ್ಡ ಹೆಜ್ಜೆಯಲ್ಲಿ ನಡೆಯಿರಿ. ಎರಡನೇ ವಾರ ಏಳೆಂಟು ನಿಮಿಷ. ಮೂರನೇ ವಾರ ಎರಡು ಸಲ, ಹತ್ತು ಹನ್ನೆರಡು ನಿಮಿಷ. ನಾಲ್ಕನೇ ವಾರ ಹದಿನೈದು. ನಡಿಗೆಯ ರೀತಿ ಕೆಡತೊಡಗಿದರೆ, ಅಂದರೆ ಧಪ್ ಸದ್ದು ಮತ್ತೆ ಕೇಳಿಸಿದರೆ, ಅಲ್ಲಿಗೆ ನಿಲ್ಲಿಸಿ ಕೂತುಬಿಡಿ. ಗಡಿಯಾರಕ್ಕಿಂತ ಆ ಸದ್ದನ್ನು ನಂಬಿ.

ನೋವಿಗೂ ಒಂದು ಅಳತೆ ಇಟ್ಟುಕೊಳ್ಳಿ. ನಡೆಯುವಾಗ ಸಣ್ಣ ನೋವು ಬಂದರೆ ಹೆದರಬೇಕಿಲ್ಲ. ಮರುದಿನ ಬೆಳಗ್ಗೆ ಎದ್ದಾಗ ಹಿಂದಿನ ದಿನದಷ್ಟೇ ಇದ್ದರೆ ಅದೇ ಪ್ರಮಾಣ ಮುಂದುವರಿಸಿ. ಜಾಸ್ತಿ ಆಗಿದ್ದರೆ ಅಥವಾ ಮಂಡಿ ಊದಿದ್ದರೆ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

ಬೆಳಗ್ಗೆ ಎದ್ದಾಗ, ಬಸ್ಸಿನಲ್ಲಿ ತುಂಬಾ ಹೊತ್ತು ಕೂತು ಇಳಿಯುವಾಗ ಮೊದಲ ಹತ್ತು ಹೆಜ್ಜೆ ಬಹಳ ನೋಯುತ್ತದೆ. ಏಳುವ ಮೊದಲೇ ಕೂತಲ್ಲೇ ಎರಡೂ ಕಾಲು ಹತ್ತು ಸಲ ಚಾಚಿ ಮಡಿಸಿ, ಪಾದ ಮೇಲೆ ಕೆಳಗೆ ಆಡಿಸಿ. ಎದ್ದು ನಿಂತು, ಒಂದು ಉಸಿರು ಎಳೆದುಕೊಂಡು, ಭಾರವನ್ನು ಎರಡು ಮೂರು ಸಲ ಎಡಕ್ಕೆ ಬಲಕ್ಕೆ ತೂಗಿಸಿ. ಆಮೇಲೆ ಹೆಜ್ಜೆ ಇಡಿ. ಬಸ್ ಇಳಿಯಲು ಕಂಡಕ್ಟರ್ ಅವಸರ ಮಾಡಿದರೆ "ಒಂದ್ನಿಮಿಷ, ಮಂಡಿ ನೋವು" ಅಂತ ಗಟ್ಟಿಯಾಗಿ ಹೇಳಿ. ಸಾಮಾನ್ಯವಾಗಿ ಕಾಯುತ್ತಾರೆ.

ಆರು ವಾರ ಆದ ಮೇಲೆ ಅದೇ ಜಾಗದಲ್ಲಿ, ಅದೇ ಮೂರು ವಿಡಿಯೋ ಮತ್ತೆ ತೆಗೆಸಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಅಮ್ಮನ ಎರಡನೇ ವಿಡಿಯೋದಲ್ಲಿ ನೋವು ಪೂರ್ತಿ ಹೋಗಿರಲಿಲ್ಲ, ಬಲ ಮಂಡಿ ಇನ್ನೂ ಸ್ವಲ್ಪ ಬಿಗಿಯಾಗಿತ್ತು. ಆದರೆ ಧ್ವನಿ ಜಾಸ್ತಿ ಮಾಡಿ ಕೇಳಿದಾಗ ಎರಡೂ ಕಾಲಿನ ಸದ್ದು ಒಂದೇ ಆಗಿತ್ತು. ಈಗ ಅವರು ಹಾಲ್‌ಗೆ ಬಂದದ್ದು ನಮಗೆ ಗೊತ್ತೇ ಆಗುವುದಿಲ್ಲ. ಕಾಫಿ ಲೋಟ ಟೇಬಲ್ ಮೇಲೆ ಇಟ್ಟಾಗ ತಲೆ ಎತ್ತಿ ನೋಡುತ್ತೇವೆ.